ರೋಹ್ತಾಂಗಿನ ಹಳದಿ ಹೂ ನಮ್ಮ ನಾಯಿಸಾಸಿವೆಯಾ?

ಪ್ರಶ್ನೆ: ಜೂನ್‌ನಲ್ಲಿ ಮನಾಲಿ ಕಡೆ ಹೋಗಿದ್ದೆವು. ರೋಹ್ತಾಂಗ್ ಪಾಸ್‌ನಲ್ಲಿ ಕಲ್ಲಿನ ಸಂದಿಯಲ್ಲಿ ಬೆರಳುದ್ದದ ಗಿಡವೊಂದು ಕಂಡಿತು. ಹಳದಿ ಹೂ, ನಾಲ್ಕೇ ಎಸಳು. ನಮ್ಮ ಸಂಡೂರು ಗುಡ್ಡದ ನಾಯಿಸಾಸಿವೆ ಅಲ್ಲೂ ಬೆಳೆಯುತ್ತಾ? ಎರಡರ ಫೋಟೊವನ್ನೂ ಕಳಿಸಿದ್ದೇನೆ.
– ಓದುಗರು, ಸಂಡೂರು

ಉತ್ತರ: ಎರಡೂ ಬೇರೆ ಬೇರೆ. ತಮಾಷೆ ಅಂದರೆ, ಹೆಸರಲ್ಲಿ ಸಾಸಿವೆ ಇರುವ ನಿಮ್ಮೂರಿನ ಗಿಡ ಸಾಸಿವೆ ಕುಟುಂಬದ್ದಲ್ಲ, ಅದಕ್ಕೆ ಹತ್ತಿರದ ನೆಂಟ ಅಷ್ಟೆ. ಸುಮಾರು 13,000 ಅಡಿ ಎತ್ತರದ ರೋಹ್ತಾಂಗಿನ ಪುಟಾಣಿಯೇ ಆ ಕುಟುಂಬದ್ದು.

ನಾಯಿಸಾಸಿವೆಯನ್ನು ಕೈಯಲ್ಲಿ ಹಿಡಿದರೆ ಸಾಕು, ಅಂಟಂಟು, ಜೊತೆಗೆ ಒಂಥರಾ ಕೆಟ್ಟ ವಾಸನೆ. ಎಲೆ ಮೂರು ಅಥವಾ ಐದು ಭಾಗವಾಗಿರುತ್ತದೆ. ಹೂವಿನ ನಾಲ್ಕೂ ಎಸಳು ಒಂದೇ ಕಡೆ ಮೇಲಕ್ಕೆ ಎದ್ದಿರುತ್ತವೆ. ಕೇಸರಗಳು ಹತ್ತು-ಹನ್ನೆರಡು, ಕೆಲವೊಮ್ಮೆ ಇನ್ನೂ ಜಾಸ್ತಿ.

ನಿಮ್ಮ ಇನ್ನೊಂದು ಫೋಟೊ ದೊಡ್ಡದು ಮಾಡಿ ನೋಡಿ. ಎಸಳುಗಳು ಅಧಿಕ ಚಿಹ್ನೆಯ ಹಾಗೆ ಎದುರುಬದುರು ಕೂತಿವೆ. ಕೇಸರ ಆರೇ ಆರು: ನಾಲ್ಕು ಉದ್ದ, ಎರಡು ಗಿಡ್ಡ. ಇದು ಸಾಸಿವೆ ಕುಟುಂಬದ ಗುರುತು. ನೆಲಕ್ಕೆ ಒತ್ತಿಕೊಂಡ ಎಲೆಗಳ ಗುಪ್ಪೆ, ಆ ಎತ್ತರ, ಆ ಹಳದಿ ಬಣ್ಣ ಎಲ್ಲ ಸೇರಿಸಿದರೆ ಅದು ಆ ಕುಟುಂಬದ ಡ್ರಾಬಾ ಎಂಬ ಗುಂಪಿನ ಗಿಡ ಇರಬೇಕು.

'ಇರಬೇಕು' ಅಂದದ್ದು ಯಾಕೆಂದರೆ ಫೋಟೊದಲ್ಲಿ ಕಾಯಿ ಇಲ್ಲ. ಎಲ್ಲರೂ ಹೂವಿನ ಮುಖ ಮಾತ್ರ ಹಿಡಿದು ತರುತ್ತಾರೆ! ಈ ಕುಟುಂಬದಲ್ಲಿ ಹೂಗಳೆಲ್ಲ ಅಣ್ಣತಮ್ಮಂದಿರ ಹಾಗೆ, ಬೇರೆ ಮಾಡುವುದು ಕಾಯಿಯಿಂದಲೇ. ಡ್ರಾಬಾದ ಕಾಯಿ ಗಿಡ್ಡ, ಚಪ್ಪಟೆ, ಮೊಟ್ಟೆಯಾಕಾರ. ಇದೇ ಕುಟುಂಬದ ಇನ್ನೊಂದು ಗುಂಪು ಅರಾಬಿಸ್‌ನದು ದಾರದಂತೆ ಸಪೂರ, ಉದ್ದ. ಮತ್ತೊಂದು ಗುಂಪು ಕಾರ್ಡಮೈನ್‌ನ ಬಲಿತ ಕಾಯಿ ಮುಟ್ಟಿದರೆ ಸಾಕು, ಸಿಪ್ಪೆ ಸುರುಳಿ ಸುತ್ತಿ ಬೀಜ ಚಿಮ್ಮುತ್ತದೆ. ಡ್ರಾಬಾದಲ್ಲೇ ನೂರಾರು ಜಾತಿಗಳಿವೆ. ಅವುಗಳಲ್ಲಿ ಯಾವುದು ಅಂತ ಹೇಳಲು ಎಲೆ ಮೇಲಿನ ರೋಮವನ್ನೂ ಭೂತಗನ್ನಡಿ ಹಿಡಿದು ನೋಡಬೇಕು. ಒಂಟಿ ರೋಮವಾ, ನಕ್ಷತ್ರದ ಹಾಗೆ ಕವಲೊಡೆದದ್ದಾ ಅನ್ನುವುದು ಅಲ್ಲಿ ಮುಖ್ಯ.

ಕಣ್ಣು ಪಳಗಿಸಲು ಮತ್ತೆ ಮನಾಲಿಗೆ ಹೋಗಬೇಕಿಲ್ಲ. ದೀಪಾವಳಿ ಕಳೆದ ಮೇಲೆ ಅಡುಗೆಮನೆ ಡಬ್ಬಿಯ ಒಂದು ಚಿಟಿಕೆ ಸಾಸಿವೆ ಕುಂಡಕ್ಕೆ ಹಾಕಿ. ಹೂ ಬಂದಾಗ ಕೇಸರ ಎಣಿಸಿ. ಕಾಯಿ ಒಣಗಿದ ಮೇಲೆ ಬುಡದಿಂದ ಮೆಲ್ಲಗೆ ಬಿಡಿಸಿ. ಎರಡು ಸಿಪ್ಪೆ ಕಳಚಿಕೊಂಡು, ನಡುವೆ ಕಾಗದದಂಥ ತೆಳು ಪೊರೆ ಉಳಿಯುತ್ತದೆ. ನಾಯಿಸಾಸಿವೆಯ ಕಾಯಿ ಬಿಡಿಸಿದರೆ ಆ ಪೊರೆ ಸಿಗುವುದಿಲ್ಲ.