ಡಿಸೈನ್ ಸಿಸ್ಟಮ್ ಇದ್ದರೂ ಎಐ ಪ್ರತಿ ಸಲ ಬೇರೆ ಬಟನ್ ಮಾಡಿಕೊಡುವುದೇಕೆ?

ಡಿಸೈನ್ ಸಿಸ್ಟಮ್ ಎಂದರೆ ಬಟನ್, ಬಣ್ಣ, ಅಕ್ಷರಗಳು ಹೇಗಿರಬೇಕೆಂದು ಹೇಳುವ ನಿಯಮಗಳ ಸಂಗ್ರಹ. ನಿಮ್ಮ ಆ ನಿಯಮಗಳು ಚಿತ್ರಗಳಲ್ಲೂ ಡಿಸೈನರ್‌ಗಳ ತಲೆಯಲ್ಲೂ ಇವೆ, ಎಐ ಓದುವ ಪಠ್ಯದಲ್ಲಿಲ್ಲ. ಅದಕ್ಕೇ ಅದು ಊಹಿಸುತ್ತದೆ. ಪರಿಹಾರ ಡಿಸೈನ್ ಟೋಕನ್, ಅಂದರೆ ಬಣ್ಣ, ಅಂತರ, ಅಕ್ಷರದ ಗಾತ್ರಗಳಿಗೆ ಇಟ್ಟ ಹೆಸರು. ಆ ಹೆಸರು ಕೆಲಸವನ್ನು ಹೇಳಬೇಕು. ‘ರೆಡ್-500’ ಎಂದರೆ ಬರೀ ಬಣ್ಣ. ‘ಬಟನ್-ಡಿಲೀಟ್-ಬ್ಯಾಕ್‌ಗ್ರೌಂಡ್’ ಎಂದರೆ ಎಲ್ಲಿ ಬಳಸಬೇಕೆಂಬುದೂ ಅದರಲ್ಲೇ ಇದೆ. ಡಿಸೈನ್ ಮಾಡುವ ತಂತ್ರಾಂಶವಾದ ಫಿಗ್ಮಾದಲ್ಲೂ ಕೋಡ್‌ನಲ್ಲೂ ಒಂದೇ ಹೆಸರಿರಲಿ. ಇಲ್ಲಿ ‘ಪ್ರೈಮರಿ’, ಅಲ್ಲಿ ‘ಮೇನ್’ ಆದರೆ ಎಐ ಅವನ್ನು ಎರಡು ಬೇರೆ ವಸ್ತುಗಳೆಂದೇ ತಿಳಿಯುತ್ತದೆ (ತಂಡಕ್ಕೆ ಹೊಸದಾಗಿ ಬಂದವರೂ ಅಷ್ಟೇ). ಟೋಕನ್‌ಗಳನ್ನು ಜೇಸನ್ (JSON, ಯಂತ್ರವೂ ಓದಬಲ್ಲ ಪಠ್ಯ) ಕಡತದಲ್ಲಿಡಿ. ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಸಮುದಾಯ ಗುಂಪು 2025ರಲ್ಲಿ ಇದಕ್ಕೆ ಮೊದಲ ಸ್ಥಿರ ನಮೂನೆಯನ್ನು ಪ್ರಕಟಿಸಿದೆ. ಪ್ರತಿ ಕಾಂಪೊನೆಂಟ್ (ಬಟನ್ ಥರದ ಬಿಡಿಭಾಗ) ಜೊತೆ ‘ಯಾವಾಗ ಬಳಸಬಾರದು’ ಎಂದೂ ಒಂದು ಸಾಲು ಬರೆಯಿರಿ. ತಂಡಗಳು ಹೆಚ್ಚಾಗಿ ಮರೆಯುವುದು ಅದನ್ನೇ.