ಪಾಠದ ದಿನ ಎಲ್ಲಾ ಬರುತ್ತೆ, ಹದಿನೈದು ದಿನಕ್ಕೆ ಮರೆತುಹೋಗುತ್ತೆ!

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ದ್ಯುತಿಸಂಶ್ಲೇಷಣೆ ಪಾಠ ಮುಗಿದ ದಿನ ಮಕ್ಕಳು ಎಲ್ಲಾ ಹೇಳಿದರು. ಹದಿನೈದು ದಿನ ಬಿಟ್ಟು ಪತ್ರರಂಧ್ರ ಅಂದರೇನು ಅಂತ ಕೇಳಿದರೆ ಮುಖ ಮುಖ ನೋಡಿಕೊಂಡರು. ತಪ್ಪು ನನ್ನದಾ? ಇನ್ನೊಂದು, ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮಕ್ಕಳನ್ನು ವಿಂಗಡಿಸಿ ಅಂತ ಒಂದು ತರಬೇತಿಯಲ್ಲಿ ಹೇಳಿದರು. ಹಾಗೆ ಮಾಡಬೇಕಾ?
– ಒಬ್ಬ ಶಿಕ್ಷಕಿ

ಉತ್ತರ: ಮೇಡಂ, ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ, ಅದು ಚಿಕ್ಕದು. ಬೇಡ. ಮಕ್ಕಳಿಗೆ ಇಷ್ಟದ ರೀತಿ ಅಂತ ಇರುತ್ತದೆ, ನಿಜ. ಆದರೆ ಅದೇ ರೀತಿಯಲ್ಲಿ ಹೇಳಿಕೊಟ್ಟರೆ ಜಾಸ್ತಿ ಕಲಿಯುತ್ತಾರಾ ಅಂತ 2008ರಲ್ಲಿ ನಾಲ್ವರು ಮನೋವಿಜ್ಞಾನಿಗಳು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿದರು, ನಂಬುವಂಥ ಪುರಾವೆ ಸಿಗಲಿಲ್ಲ. ಎಲೆಯ ಪಾಠಕ್ಕೆ ಎಲ್ಲರೂ ಎಲೆ ನೋಡಲಿ, ಪದ್ಯವನ್ನು ಎಲ್ಲರೂ ಕಿವಿಯಾರೆ ಕೇಳಲಿ, ಅಷ್ಟೇ.

ಈಗ ಮರೆವಿನ ವಿಷಯ. ತಪ್ಪು ನಿಮ್ಮದಲ್ಲ, ಮೆದುಳಿನ ಕೆಲಸವೇ ಹಾಗೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಲೆಕ್ಕ ಬರೆದಿಟ್ಟು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಒಂದು ಗಂಟೆಯಲ್ಲೇ ತುಂಬಾ ಜೋರು, ಆಮೇಲೆ ನಿಧಾನ. ನನಗೆ ಇಷ್ಟವಾಗುವುದು ಅವನ ಇನ್ನೊಂದು ಲೆಕ್ಕ: ತಿಂಗಳಾದ ಮೇಲೂ ಅದನ್ನೇ ಮತ್ತೆ ಕಲಿಯಲು ಮೊದಲಿಗಿಂತ ಕಮ್ಮಿ ಹೊತ್ತು ಸಾಕಾಯಿತು. ಅಂದರೆ ನಿಮ್ಮ ಮಕ್ಕಳ ತಲೆಯಿಂದ ಪತ್ರರಂಧ್ರ ಪೂರ್ತಿ ಅಳಿಸಿಹೋಗಿಲ್ಲ, ದಾರಿ ತಪ್ಪಿದೆ.

ಆ ದಾರಿ ಸವೆಯಬೇಕಾದರೆ ಮಗು ತಾನೇ ನಡೆಯಬೇಕು. ಹೊಸದನ್ನು ಮೊದಲು ಹಿಡಿದಿಡಲು ಮೆದುಳಿನ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಬೇಕು, ಅದು ಗಟ್ಟಿಯಾಗಲು ದಿನಗಳು ಬೇಕು, ನಿದ್ದೆಯೂ ಬೇಕು. ಪ್ರತಿ ಸಲ ಕಷ್ಟಪಟ್ಟು ನೆನಪಿಸಿಕೊಂಡಾಗ ಆ ನೆನಪು ಇನ್ನಷ್ಟು ಬಿಗಿಯಾಗುತ್ತದೆ. ನೀವು ಮತ್ತೊಮ್ಮೆ ವಿವರಿಸಿದರೆ ನಡೆಯುವವರು ನೀವು, ಅವರಲ್ಲ.

ಇದಕ್ಕೆ ಒಳ್ಳೆಯ ಪ್ರಯೋಗವೊಂದಿದೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಕಾಲೇಜು ಹುಡುಗರ ಒಂದು ಗುಂಪಿಗೆ ಒಂದು ಬರಹವನ್ನು ನಾಲ್ಕು ಅವಧಿ ಓದಿಸಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಸಲ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರದೇ ಮೇಲುಗೈ, ಶೇ. 83ಕ್ಕೆ ಎದುರು 71. ವಾರ ಬಿಟ್ಟು ನೋಡಿದರೆ ಓದಿದವರು ಶೇ. 40, ನೆನಪಿಸಿಕೊಂಡವರು 61! ತಮಾಷೆ ಅಂದರೆ, ಚೆನ್ನಾಗಿ ನೆನಪಿರುತ್ತೆ ಅನ್ನುವ ಧೈರ್ಯ ಜಾಸ್ತಿ ಇದ್ದದ್ದು ಬರೀ ಓದಿದವರಿಗೇ. ನಾನೂ ಪಿಯುಸಿಯಲ್ಲಿ ಪುಸ್ತಕಕ್ಕೆಲ್ಲ ಹಳದಿ ಬಳಿದು ಬಂದೇಬಿಟ್ಟಿತು ಅಂದುಕೊಂಡವನೇ.

ಹಾಗಾಗಿ ಪಾಠದ ದಿನ ಮಕ್ಕಳು ಫಟಾಫಟ್ ಹೇಳಿದ್ದನ್ನು ಜಾಸ್ತಿ ನಂಬಬೇಡಿ. ಅದರಲ್ಲೂ ಎಲ್ಲರೂ ಸೇರಿ ರಾಗ ಎಳೆದು ಹೇಳ್ತಾರಲ್ಲ, ಅಲ್ಲಿ ನೆನಪಿಸಿಕೊಳ್ಳುವವರು ಮುಂದಿನ ಬೆಂಚಿನ ನಾಲ್ಕು ಜನ, ಉಳಿದವರು ಬಾಯಿ ಆಡಿಸುತ್ತಾರೆ. ನಾವೂ ಹಾಗೇ ಮಾಡ್ತಿದ್ವಿ, ಅಲ್ವಾ?

ಪೀರಿಯಡ್ಡಿನ ಮೊದಲ ಐದು ನಿಮಿಷ ಇದಕ್ಕೆ ಕೊಡಿ. ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ ಕೇಳಿ: ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ತಿಂಗಳ ಹಿಂದಿನದು. ಪ್ರತಿಯೊಬ್ಬರೂ ರಫ್ ನೋಟ್‌ಬುಕ್ಕಿನಲ್ಲಿ ಬರೆಯಲಿ. ಮೊದಮೊದಲು ತರಗತಿ ಸಪ್ಪೆಯಾಗಿ ಕೂತಿರುತ್ತದೆ, ನಿಮಗೇ ಹೇಳಿಬಿಡೋಣ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ, ಆ ಪರದಾಟದಲ್ಲೇ ಕಲಿಕೆ ಆಗುತ್ತಿರುತ್ತದೆ. ಆದರೆ ಸರಿ ಉತ್ತರವನ್ನು ಅದೇ ಪೀರಿಯಡ್ಡಿನಲ್ಲಿ ಹೇಳಿ, ಇಲ್ಲದಿದ್ದರೆ ತಪ್ಪೇ ಗಟ್ಟಿಯಾಗಬಹುದು.

ಅಂಕದ ಪುಸ್ತಕಕ್ಕೆ ಮಾತ್ರ ಇದನ್ನು ಸೇರಿಸಬೇಡಿ. ಅಂಕ ಅಂದ ಕೂಡಲೇ ಮಕ್ಕಳು ಪಕ್ಕದವರ ನೋಟ್‌ಬುಕ್ ಇಣುಕಲು ಶುರು ಮಾಡುತ್ತಾರೆ, ನೆನಪಿಸಿಕೊಳ್ಳುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.