ಕೆಲಸಕ್ಕೆ ಹೂಂ ಅನ್ನಿ, ಹೊಲದ ಒತ್ತೆಗೆ ಬೇಡ ಅನ್ನಿ

ಪ್ರಶ್ನೆ: ನನಗೆ 26 ವರ್ಷ. ಅಪ್ಪ ನಾಲ್ಕು ಎಕರೆ ಹೊಲ ಮಾರಿ, ಮೇಲೆ ಬ್ಯಾಂಕ್ ಸಾಲ ಮಾಡಿ ನನಗೆ ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ ಪೈಲಟ್ ತರಬೇತಿ ಕೊಡಿಸಿದರು. ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್) ಬಂದು ಎರಡು ವರ್ಷವಾಯಿತು. ಒಟ್ಟು 215 ಗಂಟೆ ಹಾರಿದ್ದೇನೆ. ಏರ್‌ಲೈನ್ ಪರೀಕ್ಷೆಯೊಂದರಲ್ಲಿ ಕೊನೆಯ ಸುತ್ತಿನವರೆಗೂ ಹೋಗಿ ವಾಪಸ್ ಬಂದೆ. ಈಗ ಮುಂಬೈನ ಒಂದು ಚಾರ್ಟರ್ (ಬಾಡಿಗೆ ವಿಮಾನದ) ಕಂಪನಿ ಸಣ್ಣ ಜೆಟ್‌ಗೆ ಕೋ-ಪೈಲಟ್ ಆಗಿ ಬಾ ಅಂತ ಕರೆದಿದೆ. ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸಲು ಬೇಕಾದ ತರಬೇತಿ, ಅರ್ಹತೆ) ಖರ್ಚಿನಲ್ಲಿ ಅರ್ಧ, ಅಂದರೆ 9 ಲಕ್ಷ, ನಾವು ಕಟ್ಟಬೇಕು. ಮಧ್ಯೆ ಬಿಟ್ಟರೆ ದುಡ್ಡು ಕಟ್ಟಬೇಕು ಅನ್ನುವ ಮೂರು ವರ್ಷದ ಬಾಂಡ್ ಬೇರೆ. ಮಾರ್ಕ್ಸ್ ಕಾರ್ಡ್, ಸರ್ಟಿಫಿಕೇಟ್‌ಗಳ ಅಸಲು ಪ್ರತಿ ಅವರ ಹತ್ತಿರ ಇಟ್ಟುಕೊಳ್ಳುತ್ತಾರಂತೆ. ಉಳಿದ ಎರಡು ಎಕರೆ ಒತ್ತೆ ಇಡಲು ಅಪ್ಪ ತಯಾರಾಗಿದ್ದಾರೆ. "ಬಂದದ್ದನ್ನ ಬಿಡಬ್ಯಾಡವ್ವ" ಅಂತಾರೆ. ಅಣ್ಣ ಏರ್‌ಲೈನ್‌ಗೇ ಕಾಯಿ ಅಂತಾನೆ. ಅವ್ವ ಹಬ್ಬಕ್ಕೊಮ್ಮೆ ನನ್ನ ಯೂನಿಫಾರ್ಮ್ ತೆಗೆದು, ಇಸ್ತ್ರಿ ಮಾಡಿ, ಮತ್ತೆ ಟ್ರಂಕಿನಲ್ಲಿ ಇಡುತ್ತಾಳೆ. ಹದಿನೈದು ದಿನದಲ್ಲಿ ಉತ್ತರ ಹೇಳಬೇಕು. ಏನು ಮಾಡಲಿ?
– ಹೆಸರು ಬೇಡ, ಬೈಲಹೊಂಗಲ ತಾಲ್ಲೂಕು

ತಂಗಿ, ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಹೋಗುವ ಮನಸ್ಸು ಮಾಡಿ. ಆದರೆ ಹೊಲ ಒತ್ತೆ ಇಟ್ಟು ಹೋಗಬೇಡಿ. ಇವೆರಡೂ ಬೇರೆ ಬೇರೆ ಮಾತು. ನಿಮ್ಮ ಮನೆಯಲ್ಲಿ ಎರಡನ್ನೂ ಸೇರಿಸಿ ಗಂಟು ಹಾಕಿದ್ದಾರೆ, ಅದಕ್ಕೇ ನಿಮಗೆ ದಾರಿ ಕಾಣುತ್ತಿಲ್ಲ.

ಕೆಲಸ ಒಳ್ಳೆಯದು ಅಂತ ಯಾಕೆ ಹೇಳುತ್ತೇನೆ ಅಂದರೆ, ಕೈಗೆ ಬಂದ ವಿದ್ಯೆ ಎರಡು ವರ್ಷದಿಂದ ಸುಮ್ನೆ ಕೂತಿದೆ. ಸಿಪಿಎಲ್‌ಗೆ ಬೇಕಾದ 200 ಗಂಟೆ ದಾಟಿ ನಿಮ್ಮ ಹಾಗೇ ಕಾಯುತ್ತಿರುವವರು ದೇಶದಲ್ಲಿ ಬಹಳ ಜನ ಇದ್ದಾರೆ. ಚಾರ್ಟರ್‌ನಲ್ಲಿ ಕಲಿಯುವುದು ಜಾಸ್ತಿ. ಏರ್‌ಲೈನ್‌ನಲ್ಲಿ ಹತ್ತು ಜನ ಸೇರಿ ಮಾಡುವ ಕೆಲಸ ಇಲ್ಲಿ ಇಬ್ಬರ ತಲೆಯ ಮೇಲೆ ಬರುತ್ತದೆ. ಇಂಧನ ಎಷ್ಟು ಬೇಕು, ಪ್ರಯಾಣಿಕರ ಊಟ ಬಂತಾ, ಬ್ಯಾಗ್‌ಗಳ ತೂಕ ಎಷ್ಟಾಯಿತು, ಹೋಗುವ ಊರಲ್ಲಿ ವಿಮಾನ ನಿಲ್ಲಿಸಲು ಜಾಗ ಇದೆಯಾ, ಎಲ್ಲ ಕೋ-ಪೈಲಟ್ಟೇ ನೋಡಬೇಕು. ಇವತ್ತು ದಿಲ್ಲಿ, ನಾಳೆ ತೋರಣಗಲ್ಲು, ನಾಡಿದ್ದು ನಮ್ಮ ಸಾಂಬ್ರಾ. ಜುಲೈ ತಿಂಗಳಲ್ಲಿ ಸಾಂಬ್ರಾದ ಮೋಡ ಎಷ್ಟು ಕೆಳಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ಹಾರಾಟದ ಗಂಟೆ ಏರ್‌ಲೈನ್‌ನಷ್ಟು ಸಿಗುವುದಿಲ್ಲ. ಬಾಡಿಗೆ ಬಂದರೆ ಹಾರಾಟ, ಇಲ್ಲದಿದ್ದರೆ ಫೋನ್ ಹಿಡಿದು ಕಾಯುವುದು. ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1500 ಗಂಟೆ ಬೇಕು. ವರ್ಷಕ್ಕೆ 250 ಗಂಟೆಯಂತೆ ಹಾರಿದರೂ ನಿಮಗೆ ಐದು ವರ್ಷಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ. ಹಾಗಾಗಿ ಅಲ್ಲಿನ ಕೋ-ಪೈಲಟ್‌ಗಳು ಕಳೆದ ವರ್ಷ ಎಷ್ಟು ಗಂಟೆ ಹಾರಿದರು ಅಂತ ಕೇಳಿ. ಕಂಪನಿಯನ್ನಲ್ಲ, ಅವರನ್ನೇ ಕೇಳಿ.

ಇನ್ನು 9 ಲಕ್ಷದ ಮಾತು. ನಮ್ಮ ಏರ್‌ಲೈನ್‌ಗಳಲ್ಲಿ ಹೆಚ್ಚಾಗಿ ಓಡುವುದು ಏರ್‌ಬಸ್ ಎ320, ಬೋಯಿಂಗ್ 737, ಎಟಿಆರ್. ಸಣ್ಣ ಬಿಸಿನೆಸ್ ಜೆಟ್‌ನ ಟೈಪ್ ರೇಟಿಂಗ್ ಹಿಡಿದುಕೊಂಡು ಹೋದರೆ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಮತ್ತೆ ಹೊಸದಾಗಿ ಮಾಡಬೇಕು. ಅಂದರೆ ಈ ರೇಟಿಂಗ್‌ನಿಂದ ಹೆಚ್ಚು ಲಾಭ ಆಗುವುದು ಆ ವಿಮಾನ ಇಟ್ಟುಕೊಂಡವರಿಗೇ. ಕಂಪನಿ ದುಡ್ಡು ಹಾಕಿ ಕಲಿಸಿದರೆ ಬಾಂಡ್ ಕೇಳುವುದು ನ್ಯಾಯ. ನೀವೇ ದುಡ್ಡು ಹಾಕಿದರೆ ಬಾಂಡ್ ಯಾಕೆ ಬೇಕು? ಅರ್ಧ ನಿಮ್ಮದು ಅನ್ನುವುದಾದರೆ ಬಾಂಡ್ ಕೂಡ ಅರ್ಧ ಆಗಲಿ, ಒಂದೂವರೆ ವರ್ಷ. ಇದು ನ್ಯಾಯದ ಲೆಕ್ಕ, ಕೇಳಲು ಸಂಕೋಚ ಬೇಡ. ನನ್ನನ್ನು ಕೇಳಿದರೆ, ಪೂರ್ತಿ ಖರ್ಚು ಕಂಪನಿಯದು, ಮೂರು ವರ್ಷದ ಬಾಂಡ್ ನಿಮ್ಮದು ಅನ್ನುವುದೇ ನಿಮ್ಮ ಮನೆಗೆ ಸರಿಹೊಂದುವ ದಾರಿ. ಬಾಂಡ್ ಮೊತ್ತ ಮಾತ್ರ ತಿಂಗಳು ತಿಂಗಳು ಇಳಿಯುತ್ತಾ ಹೋಗಬೇಕು. ಎರಡೂವರೆ ವರ್ಷ ದುಡಿದವರೂ ಪೂರ್ತಿ ಮೊತ್ತ ಕಟ್ಟುವ ಹಾಗಿರಬಾರದು. ಇಂಥ ಕಂಪನಿಗಳಲ್ಲಿ ವಿಮಾನ ಎರಡೋ ಮೂರೋ ಇರುತ್ತವೆ. ನೀವು ಕಲಿತ ವಿಮಾನವನ್ನೇ ಅವರು ಮಾರಿಬಿಟ್ಟರೆ ಬಾಂಡ್ ಏನಾಗುತ್ತದೆ ಅನ್ನುವುದೂ ಬರವಣಿಗೆಯಲ್ಲಿ ಬರಲಿ.

"ಬಾಂಡ್ ಎಲ್ಲಾ ಕೋರ್ಟಿನಲ್ಲಿ ನಿಲ್ಲಲ್ಲ, ಸಹಿ ಹಾಕು" ಅನ್ನುವವರು ಸಿಗುತ್ತಾರೆ. ನಂಬಬೇಡಿ. 2025ರಲ್ಲಿ ಸುಪ್ರೀಂ ಕೋರ್ಟ್ ಒಂದು ಬ್ಯಾಂಕ್ ತನ್ನ ನೌಕರರ ಮೇಲೆ ಹಾಕಿದ್ದ ಮೂರು ವರ್ಷ, 2 ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಅಸಲು ಸರ್ಟಿಫಿಕೇಟ್ ಯಾರ ಕೈಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ತನ್ನಿ. ಖಾಲಿ ಚೆಕ್‌ಗೆ ಸಹಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸ್.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಏರ್‌ಲೈನ್‌ನಲ್ಲಿ ಪ್ರಯಾಣಿಕರಿಗೆ ಪೈಲಟ್ ಮುಖವೇ ಕಾಣುವುದಿಲ್ಲ. ಚಾರ್ಟರ್‌ನಲ್ಲಿ ದುಡ್ಡು ಕೊಟ್ಟವರು ನಿಮ್ಮ ಬೆನ್ನ ಹಿಂದೆಯೇ ಕೂತಿರುತ್ತಾರೆ. ಮದುವೆ, ಮೀಟಿಂಗ್, ಚುನಾವಣಾ ಸಭೆ, ಎಲ್ಲವೂ ಅರ್ಜೆಂಟ್. 2001ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ ಕಾನ್ಪುರದ ಸಭೆಗೆ ಹೊರಟಿದ್ದ ಸಣ್ಣ ವಿಮಾನ ಕೆಟ್ಟ ಹವೆಯಲ್ಲಿ ಸಿಕ್ಕಿ ಮೈನ್‌ಪುರಿ ಹತ್ತಿರ ಬಿತ್ತು. ವಿಮಾನದಲ್ಲಿದ್ದ ಎಂಟು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮುಂಬೈನಲ್ಲೇ ಜೋರು ಮಳೆಯಲ್ಲಿ ಇಳಿಯುತ್ತಿದ್ದ ಲಿಯರ್‌ಜೆಟ್ 45 ರನ್‌ವೇಯಿಂದ ಆಚೆ ಹೋಯಿತು. ಅಲ್ಲಿ ಎಲ್ಲರೂ ಬದುಕಿದರು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಹವೆ ಸರಿಯಿಲ್ಲ, ಹೋಗಲ್ಲ ಅನ್ನುವ ಧೈರ್ಯ ಈ ಕೆಲಸದಲ್ಲಿ ದಿನಾ ಬೇಕಾಗುತ್ತದೆ ಅಂತ ಹೇಳುತ್ತಿದ್ದೇನೆ.

ಆ ಧೈರ್ಯಕ್ಕೂ ಹೊಲಕ್ಕೂ ಸಂಬಂಧ ಇದೆ, ತಂಗಿ. ಉಳಿದ ಎರಡು ಎಕರೆ ಒತ್ತೆಯಲ್ಲಿ, ಸರ್ಟಿಫಿಕೇಟ್ ಕಂಪನಿಯ ಕಪಾಟಿನಲ್ಲಿ ಇದ್ದರೆ, ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾರೆ ಅನ್ನಿಸಿದಾಗ ನಿಮಗೆ ಬಾಯಿ ಬರುತ್ತದಾ? ರಾತ್ರಿ ನಿದ್ದೆ ಆಗಿಲ್ಲ, ಇವತ್ತು ಹಾರಲ್ಲ ಅಂತ ಹೇಳಲು ಆಗುತ್ತದಾ? ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ನಮ್ಮ ಕಡೆ ಹೆಣ್ಣುಮಕ್ಕಳನ್ನು ಬೆಳೆಸಿರುತ್ತಾರೆ. ಕಾಕ್‌ಪಿಟ್‌ನಲ್ಲಿ ಎದುರು ಮಾತಾಡುವುದೇ ಕೋ-ಪೈಲಟ್ ಕೆಲಸ. ಸಾಲದ ಭಾರ ಹೊತ್ತುಕೊಂಡು ಅದನ್ನು ಮಾಡುವುದು ಬಹಳ ಕಷ್ಟ.

ಅದಕ್ಕೇ ಸಹಿ ಹಾಕುವ ಮೊದಲು ಅಲ್ಲಿಯ ಒಬ್ಬಿಬ್ಬರು ಪೈಲಟ್‌ಗಳನ್ನು, ಸಾಧ್ಯವಾದರೆ ಕೆಲಸ ಬಿಟ್ಟುಹೋದವರನ್ನೂ, ಮಾತಾಡಿಸಿ. ಹವೆ ಸರಿಯಿಲ್ಲ ಅಂತ ಕೊನೆಯ ಸಲ ಹಾರಾಟ ರದ್ದು ಮಾಡಿದ್ದು ಯಾವಾಗ, ಆಮೇಲೆ ಆಫೀಸಿನಲ್ಲಿ ಏನಂದರು ಅಂತ ಕೇಳಿ. ಸಂಬಳ ಸರಿಯಾಗಿ ಬರುತ್ತದಾ, ರಜೆ ಕಾಗದದಲ್ಲಷ್ಟೇ ಇದೆಯಾ ಅನ್ನುವುದೂ ಆ ಮಾತಿನಲ್ಲೇ ತಿಳಿಯುತ್ತದೆ. ಚಾರ್ಟರ್ ಹಾರಾಟಕ್ಕೆ ಬೇಕಾದ ನಾನ್ ಶೆಡ್ಯೂಲ್ಡ್ ಪರ್ಮಿಟ್ ಇರುವ ಕಂಪನಿಗಳ ಪಟ್ಟಿ, ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ವೆಬ್‌ಸೈಟಿನಲ್ಲಿ ಇದೆ. ಅದರಲ್ಲಿ ಈ ಹೆಸರು ಇದೆಯಾ ನೋಡಿ.

ಅಣ್ಣನ ಮಾತು ತಪ್ಪಲ್ಲ. ಆದರೆ ಬರೀ ಕಾಯುತ್ತಾ ಕೂರುವುದು ಬೇಡ. ಕಂಪನಿ ಷರತ್ತು ಬದಲಿಸಲ್ಲ ಅಂದರೆ ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ (ಹಾರಾಟ ಕಲಿಸುವ ಅರ್ಹತೆ) ಬಗ್ಗೆ ನಿಮ್ಮ ತರಬೇತಿ ಶಾಲೆಯಲ್ಲೇ ವಿಚಾರಿಸಿ. ಸಂಬಳ ಕಡಿಮೆ, ಆದರೆ ಗಂಟೆ ಕೂಡುತ್ತಾ ಹೋಗುತ್ತದೆ, ಮನೆಯೂ ಹತ್ತಿರ. ಪೈಲಟ್‌ಗಳಿಗೆ ಬೇಕಾದ ಆರೋಗ್ಯ ತಪಾಸಣೆ, ಅಂದರೆ ಕ್ಲಾಸ್ 1 ಮೆಡಿಕಲ್ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ಅಪ್ಪನಿಗೆ ಹೇಳುವುದೇ ಕಷ್ಟ, ಗೊತ್ತು. ಈ ಕೆಲಸ ಬಿಟ್ಟರೆ ಮಾರಿದ ಹೊಲ ದಂಡವಾಯಿತು ಅಂತ ಅವರಿಗೆ ಅನ್ನಿಸಿದೆ. ಅವರ ಜೊತೆ ವಾದ ಬೇಡ. "ಅಪ್ಪಾ, ನಾನು ಹೊಕ್ಕೀನಿ. ಆದ್ರ ಈ ಎರಡು ಎಕರೆ ನಮ್ಮದೇ ಇದ್ರ ನನಗ ಧೈರ್ಯ ಇರ್ತೈತಿ" ಅನ್ನಿ. ಅವ್ವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ.

ಕಂಪನಿಗೆ ಇವತ್ತೇ ಮೇಲ್ ಮಾಡಿ. ಕೆಲಸಕ್ಕೆ ಆಸಕ್ತಿ ಇದೆ, ಟೈಪ್ ರೇಟಿಂಗ್ ಖರ್ಚು, ಬಾಂಡ್, ಸರ್ಟಿಫಿಕೇಟ್ ಈ ಮೂರರ ಬಗ್ಗೆ ಮಾತಾಡಬೇಕು, ಒಪ್ಪಂದದ ಕರಡು ಕಳಿಸಿ ಅಂತ ನಾಲ್ಕು ಸಾಲು ಸಾಕು. ಕರಡು ಬಂದ ಮೇಲೆ ಬೆಳಗಾವಿಯಲ್ಲಿ ನೌಕರಿ ಒಪ್ಪಂದಗಳನ್ನು ನೋಡುವ ವಕೀಲರಿಗೆ ತೋರಿಸಿ. ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ.